ಎತ್ತರದ ನೆಲದಲ್ಲಿ ಓಟಗಾರನ ಉಸಿರು

1968ರ ಅಕ್ಟೋಬರಿನಲ್ಲಿ ಮೆಕ್ಸಿಕೋ ನಗರದ ಒಲಿಂಪಿಕ್ ಪಂದ್ಯಗಳಲ್ಲಿ ಹತ್ತು ಸಾವಿರ ಮೀಟರ್ ಓಟವನ್ನು ಮುಗಿಸಿದೊಡನೆಯೇ ಆಸ್ಟ್ರೇಲಿಯದ ರಾನ್ ಕ್ಲಾರ್ಕ್ ಕುಸಿದುಬಿದ್ದನು. ಆಮ್ಲಜನಕ ಕೊಟ್ಟು ಅವನನ್ನು ಉಪಚರಿಸಬೇಕಾಯಿತು. ಆ ದೂರದ ವಿಶ್ವದಾಖಲೆ ಅಂದು ಅವನದೇ! ಗೆದ್ದವನು ಕೀನ್ಯದ ಎತ್ತರದ ನೆಲದಲ್ಲಿ ಬೆಳೆದ ನಫ್ತಾಲಿ ತೆಮು. ಮೆಕ್ಸಿಕೋ ನಗರವಿರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೂ ಅಷ್ಟಿಲ್ಲ.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕುಗ್ಗುತ್ತದೆಂದು ನೀವು ಭಾವಿಸಿರಬಹುದು. ಹಾಗಲ್ಲ. ಪಾಲು ಎಲ್ಲೆಡೆಯೂ ಶೇಕಡ 21ರಷ್ಟೇ. ಕುಗ್ಗುವುದು ಗಾಳಿಯ ಒತ್ತಡ. ಮೆಕ್ಸಿಕೋ ನಗರದಲ್ಲಿ ಅದು ಸಮುದ್ರಮಟ್ಟದ ಮುಕ್ಕಾಲು ಪಾಲು ಮಾತ್ರ. ಆದಕಾರಣ ಒಂದೊಂದು ಉಸಿರಿನಲ್ಲಿಯೂ ದೇಹಕ್ಕೆ ದಕ್ಕುವುದು ಕಡಿಮೆ. ಈ ಕೊರತೆಯನ್ನರಿತ ಮೂತ್ರಪಿಂಡಗಳು ಒಂದು ಹಾರ್ಮೋನನ್ನು ಸ್ರವಿಸಿ, ಕೆಲವು ವಾರಗಳಲ್ಲಿ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತವೆ. ಆ ಸಂಪತ್ತನ್ನು ಗಳಿಸಲೆಂದೇ ಓಟಗಾರರು ಮಲೆಯೇರುವುದು.

ಆದರೆ ರಕ್ತಕ್ಕೆ ವಾರಗಳು ಬೇಕು. ಬೇನೆಗೆ ಕೆಲವು ಗಂಟೆಗಳೇ ಸಾಕು. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ತಲೆನೋವು, ಓಕರಿಕೆ, ಊಟ ಸೇರದಿರುವುದು, ನಿದ್ದೆಗೆಡುವುದು ಕಾಣಿಸಿಕೊಳ್ಳುತ್ತವೆ. ಕಟ್ಟುಮಸ್ತಾದ ಮೈ ಇದಕ್ಕೆ ರಕ್ಷೆಯಲ್ಲ. ಬಲಶಾಲಿಯೆಂಬ ಹೆಮ್ಮೆಯಿಂದ ಮೊದಲ ದಿನವೇ ಓಡಹೊರಡುವ ತರುಣನಿಗೇ ಅಪಾಯ ಹೆಚ್ಚು. ತಂಡದಿಂದ ಕೈಬಿಟ್ಟಾರೆಂದು ತಲೆನೋವನ್ನು ಮುಚ್ಚಿಡುವವರೂ ಉಂಟು. ಹುಡುಗರ ಸ್ವಭಾವವನ್ನು ಬಲ್ಲ ನನಗೆ ಇದೇನೂ ಸೋಜಿಗವಲ್ಲ.

ಹಾಗಾದರೆ ಮಾಡಬೇಕಾದುದೇನು? ನಿಧಾನವೇ ಮೊದಲ ಮದ್ದು. ಮೂರು ಸಾವಿರ ಮೀಟರಿನ ಮೇಲೆ, ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಏರದೆ ತಂಗಬೇಕು. ಮೊದಲ ವಾರ ಹಗುರವಾದ ಅಭ್ಯಾಸವಷ್ಟೇ ಸಾಕು. ಅಲ್ಲಿಯ ಒಣಗಾಳಿ ಉಸಿರಿನೊಡನೆ ನೀರನ್ನೂ ಕಸಿಯುವುದರಿಂದ ಬಾಯಾರಿಕೆಗೆ ತಕ್ಕಷ್ಟು ಕುಡಿಯತಕ್ಕದ್ದು. ಮದ್ಯವನ್ನೂ ನಿದ್ರೆಗುಳಿಗೆಯನ್ನೂ ದೂರವಿಡತಕ್ಕದ್ದು. ರಕ್ತದಲ್ಲಿ ಕಬ್ಬಿಣದ ಅಂಶ ಸಾಲದಿದ್ದರೆ ಹೊಸ ಕಣಗಳು ಹುಟ್ಟಲಾರವು; ಹೊರಡುವ ಮುನ್ನವೇ ಅದನ್ನು ಪರೀಕ್ಷಿಸಿಕೊಳ್ಳುವುದು ಲೇಸು. ಎತ್ತರದಲ್ಲಿ ವಾಸ, ತಗ್ಗಿನಲ್ಲಿ ಕಠಿನಾಭ್ಯಾಸ ಎಂಬ ಪದ್ಧತಿಯೂ ಬಳಕೆಯಲ್ಲಿದೆ.

ಔಷಧದ ವಿಚಾರದಲ್ಲಿ ಒಂದು ಎಚ್ಚರಿಕೆ. ಯಾತ್ರಿಕರು ಈ ಬೇನೆ ಬಾರದಂತೆ ಸೇವಿಸುವ ಅಸಿಟಜೋಲಮೈಡ್ ಮೂತ್ರವನ್ನು ಹೆಚ್ಚಿಸುವ ಮದ್ದು. ಅದು ಕ್ರೀಡಾಪಟುಗಳಿಗೆ ನಿಷಿದ್ಧವಾದ ದ್ರವ್ಯಗಳ ಪಟ್ಟಿಯಲ್ಲಿದೆ. ವೈದ್ಯಕೀಯ ಕಾರಣಕ್ಕಾಗಿ ವಿಧ್ಯುಕ್ತ ಅನುಮತಿ ಪಡೆಯದೆ ನುಂಗಿದರೆ ಗೆದ್ದ ಪದಕವೂ ಹೋದೀತು. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಶಿಬಿರಕ್ಕೆ ಹೊರಟಾಗ, ಅಂಗಡಿಯಿಂದ ಗುಳಿಗೆ ತಂದು ಪೆಟ್ಟಿಗೆಗೆ ತುಂಬಬೇಡಿ.

ತಲೆನೋವು ಮಾತ್ರವಿದ್ದರೆ ಅದೇ ಎತ್ತರದಲ್ಲಿ ವಿಶ್ರಮಿಸಿದರೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಕುಳಿತಲ್ಲೇ ಮೇಲುಸಿರು ಬಂದರೆ, ಕೆಮ್ಮಿನೊಡನೆ ನೊರೆ ಕಂಡರೆ, ನೆಟ್ಟಗೆ ನಡೆಯಲಾರದೆ ತೂರಾಡಿದರೆ, ಮಾತು ತಡವರಿಸಿದರೆ, ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ಸೇರುತ್ತಿದೆಯೆಂದು ತಿಳಿಯಬೇಕು. ಆಗ ಬೆಳಗಾಗಲೆಂದು ಕಾಯುವಂತಿಲ್ಲ. ನಡುರಾತ್ರಿಯಾದರೂ ಸರಿ, ಅವನನ್ನು ಒಬ್ಬನನ್ನೇ ಬಿಡದೆ, ಆಮ್ಲಜನಕವಿದ್ದರೆ ದಾರಿಯುದ್ದಕ್ಕೂ ಕೊಡುತ್ತ, ಕೆಳಗಿಳಿಸತಕ್ಕದ್ದು.