ಗಾಳದ ಮೇಲೆ ಕುಳಿತ ಹುಸಿನೊಣ

ಗಾಳದ ತುದಿಗೆ ಎರೆಹುಳುವನ್ನೋ ರಾಗಿಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿ, ಕೆರೆಯ ಏರಿಯ ಮೇಲೆ ತಾಳ್ಮೆಯಿಂದ ಕುಳಿತವರನ್ನು ನಮ್ಮ ನಾಡಿನಲ್ಲಿ ಕಾಣದವರಿಲ್ಲ. ಆದರೆ ತಿನ್ನುವ ವಸ್ತುವೇನನ್ನೂ ಕೊಡದೆ, ಕೇವಲ ಗರಿ, ನೂಲು, ಜರತಾರಿಗಳಿಂದ ಒಂದು ಹುಳುವಿನ ರೂಪವನ್ನು ಗಾಳದ ಮೇಲೆ ಕಟ್ಟಿ, ಅದನ್ನೇ ಆಹಾರವೆಂದು ಮೀನು ನಂಬುವಂತೆ ಮಾಡುವ ವಿದ್ಯೆಯೊಂದುಂಟೆಂಬುದು ಅನೇಕರಿಗೆ ಹೊಸ ಸಂಗತಿಯಾಗಿ ತೋರಬಹುದು. ಇಂಗ್ಲಿಷರು ಇದನ್ನು 'ಫ್ಲೈ' ಎಂದು ಕರೆಯುತ್ತಾರೆ. ಕನ್ನಡದಲ್ಲಿ ಹುಸಿನೊಣವೆಂದರೆ ಅರ್ಥಕ್ಕೆ ಕೊರತೆಯಾಗದು.

ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಈ ಕಲೆಗೆಂದೇ ಮೇಳಗಳು ನಡೆಯುತ್ತವೆ. ಅಲ್ಲಿ ನುರಿತ ಕೈಗಳು ಮೇಜಿನ ಹಿಂದೆ ಕುಳಿತು, ನೆರೆದವರ ಕಣ್ಣೆದುರಿಗೇ ಒಂದೊಂದು ನೊಣವನ್ನು ಕಟ್ಟಿ ತೋರಿಸುತ್ತವೆ. ಬೇಟೆಯ ಗೊಡವೆಯೇ ಬೇಡವೆನ್ನುವವರು ಕೂಡ ಆ ಕೈಚಳಕವನ್ನು ನೋಡಲು ನಿಲ್ಲುತ್ತಾರೆ. ಹೂ ಕಟ್ಟುವ, ಕಸೂತಿ ಹಾಕುವ ಬೆರಳುಗಳುಳ್ಳ ನಮ್ಮ ಮನೆಗಳಿಗೆ ಈ ವಿದ್ಯೆ ಅಷ್ಟೇನೂ ದೂರದ್ದಲ್ಲ.

ಹದಿನೆಂಟು ಶತಮಾನಗಳ ಹಳಮೆ

ಸುಮಾರು ಸಾವಿರದ ಎಂಟುನೂರು ವರ್ಷಗಳ ಹಿಂದೆ ರೋಮಿನಲ್ಲಿದ್ದ ಈಲಿಯನ್ ಎಂಬ ಬರಹಗಾರನು ಮ್ಯಾಸಿಡೋನಿಯದ ಬೆಸ್ತರ ಉಪಾಯವೊಂದನ್ನು ವರ್ಣಿಸಿದ್ದಾನೆ. ಅಲ್ಲಿನ ನದಿಯೊಂದರ ಮೀನುಗಳು ನೀರಿನ ಮೇಲೆ ಹಾರಾಡುವ ಒಂದು ಬಗೆಯ ನೊಣವನ್ನು ಹಿಡಿದು ತಿನ್ನುತ್ತಿದ್ದವು. ನಿಜವಾದ ನೊಣವನ್ನು ಗಾಳಕ್ಕೆ ಸಿಕ್ಕಿಸಿದರೆ ಅದು ಬಣ್ಣಗೆಟ್ಟು ಮುದುಡಿಹೋಗುತ್ತಿತ್ತು. ಆದುದರಿಂದ ಆ ಬೆಸ್ತರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಎರಡು ಗರಿಗಳನ್ನು ಅದಕ್ಕೆ ಸೇರಿಸಿದರು. ಅಂದಿನ ಸಾಮಗ್ರಿಯೇ ಇಂದಿಗೂ ಈ ಕಲೆಯ ಮೂಲದ್ರವ್ಯ: ಕೊಕ್ಕೆ, ನೂಲು, ಹುಂಜದ ಗರಿ.

ಮುಂದೆ ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಗಾಳವಿದ್ಯೆಯ ಗ್ರಂಥವೊಂದು ಹನ್ನೆರಡು ಬಗೆಯ ಹುಸಿನೊಣಗಳನ್ನು ಹೆಸರಿಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನೀರಿನ ಮೇಲೆ ತೇಲುವ ನೊಣ, ನೀರಿನೊಳಗೆ ಮುಳುಗುವ ನೊಣ ಎಂಬ ಭೇದಗಳು ಬೆಳೆದು, ಅವುಗಳ ಮೇಲಾಟದಲ್ಲಿ ಪಂಡಿತರ ಪಂಗಡಗಳೇ ಹುಟ್ಟಿಕೊಂಡವು.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಒಂದು ಪುಟವಿದೆ. ಮದ್ರಾಸ್ ಸಿವಿಲ್ ಸರ್ವಿಸಿನ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನು ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವು 1873ರಲ್ಲಿ ಮಂಗಳೂರಿನಲ್ಲಿಯೇ ಬೆಳಕು ಕಂಡಿತು. ಘಟ್ಟದ ಹೊಳೆಗಳ ಮಹಶೀರ್ ಮೀನಿನ ಖ್ಯಾತಿಯನ್ನು ಹೊರಜಗತ್ತಿಗೆ ಮುಟ್ಟಿಸಿದ ಗ್ರಂಥಗಳಲ್ಲಿ ಅದೂ ಒಂದು. 1887ರಲ್ಲಿ ಆತನು ಕೆರೆಗಳಲ್ಲಿ ಗಾಳ ಹಾಕುವುದನ್ನೇ ವಿಷಯವಾಗಿಟ್ಟುಕೊಂಡು 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ' ಎಂಬ ಇನ್ನೊಂದು ಪುಸ್ತಕವನ್ನು ಬರೆದನು. ಕೆರೆಗಳ ನಾಡಾದ ಬೆಂಗಳೂರು ಸೀಮೆಗೆ ಈ ಎರಡನೆಯದೇ ಹೆಚ್ಚು ಒಪ್ಪುವಂಥದು.

ಮನೆಯಲ್ಲೇ ದೊರೆಯುವ ಸಾಮಗ್ರಿ

ವರ್ತೂರಿನಂತಹ ಊರಿನಲ್ಲಿ ಕುಳಿತವನಿಗೆ ಈ ಕಲೆಗೆ ಬೇಕಾದ ವಸ್ತುಗಳು ಎಲ್ಲಿಂದ ಬರಬೇಕು? ವಿದೇಶದಿಂದ ತರಿಸಿದರೆ ಬೆಲೆ ವಿಪರೀತ. ಆದರೆ ಸ್ವಲ್ಪ ಯೋಚಿಸಿದರೆ ಹೆಚ್ಚಿನವು ಕೈಯಳತೆಯಲ್ಲೇ ಇವೆ.

ಮೊದಲನೆಯದು ನೂಲು. ಹಿಂದೆ ಇಂಗ್ಲೆಂಡಿನ ಕುಶಲಿಗಳು ನೊಣ ಕಟ್ಟಲು ಬಳಸುತ್ತಿದ್ದುದು ರೇಷ್ಮೆಯ ಎಳೆಯನ್ನೇ. ದೇಶದಲ್ಲೇ ಅತಿ ಹೆಚ್ಚು ರೇಷ್ಮೆ ಬೆಳೆಯುವ ಕರ್ನಾಟಕದಲ್ಲಿ ಅದಕ್ಕೆ ಬರವಿಲ್ಲ. ರೇಷ್ಮೆಗೂ ಗಾಳಕ್ಕೂ ಇನ್ನೊಂದು ನಂಟಿದೆ. ನೈಲಾನ್ ಬರುವ ಮೊದಲು, ನೊಣಕ್ಕೂ ಮುಖ್ಯ ದಾರಕ್ಕೂ ನಡುವೆ ಕಟ್ಟುತ್ತಿದ್ದ, ಮೀನಿನ ಕಣ್ಣಿಗೆ ಕಾಣದಂಥ ತೆಳು ತಂತುವನ್ನು ರೇಷ್ಮೆಹುಳುವಿನ ಒಡಲಿನಿಂದಲೇ ಮಾಡುತ್ತಿದ್ದರು. ಗೂಡು ಕಟ್ಟುವ ಹಂತದ ಹುಳುವನ್ನು ವಿನಿಗರಿನಲ್ಲಿ ನೆನೆಸಿ, ಅದರ ರೇಷ್ಮೆಗ್ರಂಥಿಯನ್ನು ಹೊರತೆಗೆದು ಉದ್ದಕ್ಕೆ ಎಳೆದರೆ ಗಟ್ಟಿಯಾದ ತಂತಿ ಸಿದ್ಧವಾಗುತ್ತಿತ್ತು. ಸ್ಪೇನಿನ ಮುರ್ಸಿಯ ಪ್ರಾಂತವು ಇದಕ್ಕೆ ಹೆಸರಾಗಿತ್ತು.

ಎರಡನೆಯದು ಹೊಳಪು. ನೊಣದ ಮೈಮೇಲೆ ಹುಳುವಿನ ಪಟ್ಟೆಗಳಂತೆ ಸುತ್ತುವ ಚಿನ್ನದ ಬಣ್ಣದ ಎಳೆಯೆಂದರೆ ಜರತಾರಿಯೇ. ಹಳೆಯ ಸೀರೆಯ ಸವೆದ ಅಂಚಿನಿಂದ ಬಿಡಿಸಿದ ಒಂದು ಗೇಣು ಜರಿ ಹಲವು ನೊಣಗಳಿಗೆ ಸಾಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು ಗರಿ. ಇಲ್ಲಿ ಒಂದು ಗುಟ್ಟಿದೆ. ಫಾರಂ ಕೋಳಿಯ ಗರಿ ಕೆಲಸಕ್ಕೆ ಬಾರದು. ಅದು ಎಳೆಯದು, ಮೆದು. ಒಂದು ವರ್ಷ ಮೀರಿದ ನಾಟಿ ಹುಂಜದ ಕತ್ತಿನ ಗರಿಯೇ ಉತ್ತಮ. ಉದ್ದವಾಗಿ, ಚೂಪಾಗಿ, ಹೊಳೆಯುವ ಆ ಗರಿಯ ಎಸಳುಗಳಿಗೆ ಬಿಗುವಿರುತ್ತದೆ. ಅದನ್ನು ಕೊಕ್ಕೆಯ ಸುತ್ತ ಸುತ್ತಿದಾಗ ಎಸಳುಗಳು ಎದ್ದುನಿಂತು ಹುಳುವಿನ ಕಾಲುಗಳಂತೆ ತೋರುತ್ತವೆ. ಬಾಲಕ್ಕೆ ಮಾತ್ರ ಮೆದುವಾದ ತುಪ್ಪುಳ ಬೇಕು. ನೀರಿನಲ್ಲಿ ಅದು ಉಸಿರಾಡುವಂತೆ ಅಲುಗುತ್ತದೆ. ತೇಲುವ ನೊಣಕ್ಕೆ ಬಾತುಕೋಳಿಯ ಬಾಲದ ಬುಡದಲ್ಲಿ, ಎಣ್ಣೆಯ ಗ್ರಂಥಿಯ ಸುತ್ತ ಬೆಳೆಯುವ ಪುಟ್ಟ ಗರಿಗಳು ಶ್ರೇಷ್ಠ. ಇವುಗಳ ಸೂಕ್ಷ್ಮ ಎಸಳುಗಳು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ.

ಮೈ ತುಂಬಲು ಕುರಿಯ ಉಣ್ಣೆ, ನೂಲು ಹಿಡಿತಕ್ಕೆ ಬರಲು ಜೇನುಮೇಣ, ಕೊನೆಯ ಗಂಟು ಬಿಚ್ಚದಂತೆ ಬಣ್ಣವಿಲ್ಲದ ಉಗುರುಪಾಲಿಶ್: ಇವಿಷ್ಟಿದ್ದರೆ ಪೆಟ್ಟಿಗೆ ತುಂಬಿತು. ಗರಿಗಳನ್ನು ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ನುಸಿಗುಳಿಗೆಯೊಡನೆ ಮುಚ್ಚಿದ ಡಬ್ಬಿಯಲ್ಲಿಡಬೇಕು. ಇಲ್ಲದಿದ್ದರೆ ನುಸಿಯ ಪಾಲಾಗುವುದು ಖಂಡಿತ. ಕೊಕ್ಕೆಯನ್ನು ಹಿಡಿದಿಡಲು ಒಂದು ಪುಟ್ಟ ವೈಸ್ ಬೇಕಾಗುತ್ತದೆ. ಪೀಣ್ಯದಂತಹ ಕಾರ್ಖಾನೆಗಳ ನೆರೆಯಲ್ಲಿರುವ ನಗರದಲ್ಲಿ ಅದೇನೂ ದುರ್ಲಭವಲ್ಲ.

ಕಟ್ಟುವ ಕ್ರಮ

ಹೊಸಬರು ಮೊದಲು ಕಲಿಯಲು ತಕ್ಕುದೆಂದು ಎಲ್ಲರೂ ಒಪ್ಪುವ ನೊಣವೊಂದಿದೆ. ಅದರ ಹೆಸರು 'ವುಲಿ ಬಗ್ಗರ್'. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ 1960ರ ದಶಕದಲ್ಲಿ ಹುಟ್ಟಿದ ಈ ನೊಣವನ್ನು ಮೀನು ಒಮ್ಮೆ ಜಿಗಣೆಯೆಂದೂ ಒಮ್ಮೆ ಮರಿಮೀನೆಂದೂ ತಿಳಿದು ಬಾಯಿ ಹಾಕುತ್ತದೆ.

ಕೊಕ್ಕೆಯ ಅಂಕಿ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದೆಂಬುದನ್ನು ಮೊದಲು ನೆನಪಿಡಬೇಕು. ಇದಕ್ಕೆ 8ನೆಯ ಅಳತೆಯ ಕೊಕ್ಕೆ ಸಾಕು. ಅದನ್ನು ವೈಸಿನಲ್ಲಿ ಬಿಗಿದು, ಕಣ್ಣಿನ ಹಿಂದಿನಿಂದ ಬಾಗಿನವರೆಗೆ ನೂಲನ್ನು ಒತ್ತೊತ್ತಾಗಿ ಸುತ್ತಬೇಕು. ಈ ತಳಪಾಯವಿಲ್ಲದಿದ್ದರೆ ಮೇಲಿನ ಸಾಮಗ್ರಿಯೆಲ್ಲ ಜಾರುತ್ತದೆ. ಬಳಿಕ ತುಪ್ಪುಳದ ಬಾಲವನ್ನು ಕಟ್ಟಬೇಕು. ಅದರ ಉದ್ದ ಕೊಕ್ಕೆಯ ಕಾಲಿನ ಉದ್ದಕ್ಕೆ ಸಮನಾಗಿರಲಿ; ಹೆಚ್ಚಾದರೆ ಮೀನು ಬಾಲವನ್ನಷ್ಟೇ ಕಚ್ಚಿ ತಪ್ಪಿಸಿಕೊಳ್ಳುತ್ತದೆ. ಆ ಜಾಗದಲ್ಲಿಯೇ ಹುಂಜದ ಗರಿಯ ತುದಿಯನ್ನೂ ಉಣ್ಣೆಯ ಎಳೆಯನ್ನೂ ಸೇರಿಸಿ ಕಟ್ಟಿ, ಉಣ್ಣೆಯನ್ನು ಮುಂದಕ್ಕೆ ಸುತ್ತುತ್ತ ಮೈಯನ್ನು ತುಂಬಬೇಕು. ಆಮೇಲೆ ಗರಿಯನ್ನು ಐದಾರು ಸುತ್ತುಗಳಲ್ಲಿ, ನಡುವೆ ಎಡೆಬಿಟ್ಟು, ಬಳ್ಳಿ ಕಂಬಕ್ಕೆ ಹಬ್ಬಿದಂತೆ ಮುಂದಕ್ಕೆ ತಂದು ಬಿಗಿಯಬೇಕು. ಕೊನೆಯಲ್ಲಿ ನೂಲಿನ ಗಂಟು, ಗಂಟಿನ ಮೇಲೆ ಒಂದು ತೊಟ್ಟು ಪಾಲಿಶ್.

ಕೇಳಲು ಇಷ್ಟೇ. ಆದರೆ ಹೊಸಬರೆಲ್ಲರೂ ಎಡವುವ ಕಲ್ಲುಗಳು ಮೂರಿವೆ. ಮೊದಲನೆಯದು, ಕೊಕ್ಕೆಯ ಕಣ್ಣಿನ ತನಕ ಸಾಮಗ್ರಿಯನ್ನು ತುಂಬಿಬಿಡುವುದು. ಕಣ್ಣಿನ ಹಿಂದೆ ಅದರಷ್ಟೇ ಅಗಲದ ಜಾಗವನ್ನು ಬರಿದಾಗಿ ಉಳಿಸದಿದ್ದರೆ ಗಂಟಿಗೆ ಎಡೆಯಿಲ್ಲ, ದಾರ ಪೋಣಿಸಲು ದಾರಿಯಿಲ್ಲ. ಎರಡನೆಯದು, ಕಟ್ಟುವಾಗ ಗರಿ ಕೊಕ್ಕೆಯ ಪಕ್ಕಕ್ಕೆ ಹೊರಳುವುದು. ಇದಕ್ಕೆ ಮದ್ದು: ಗರಿಯನ್ನೂ ಕೊಕ್ಕೆಯನ್ನೂ ಹೆಬ್ಬೆರಳು ತೋರುಬೆರಳುಗಳ ನಡುವೆ ಒಟ್ಟಿಗೆ ಅದುಮಿ ಹಿಡಿದು, ಬೆರಳುಗಳ ಸಂದಿನಲ್ಲಿ ನೂಲನ್ನು ಸಡಿಲವಾಗಿ ದಾಟಿಸಿ, ಅನಂತರ ನೇರವಾಗಿ ಕೆಳಕ್ಕೆ ಎಳೆಯಬೇಕು. ಮೂರನೆಯದು ಅತಿಯಾಸೆ. ಹೆಚ್ಚು ಗರಿ, ಹೆಚ್ಚು ಉಣ್ಣೆ ಸೇರಿಸಿದರೆ ನೊಣ ಅಂದವಾಗುವುದೆಂಬ ಭ್ರಮೆ ಎಲ್ಲರಿಗೂ ಇರುತ್ತದೆ. ನೀರಿನಲ್ಲಿರುವ ನಿಜವಾದ ಹುಳು ಬಡಕಲು ಪ್ರಾಣಿ. ನುರಿತವರ ನೊಣಗಳು ಸದಾ ತೆಳ್ಳಗಿರುತ್ತವೆ.

ಕಾಡುಕೋಳಿಯ ಕಣ್ಣು

ಈ ಕಲೆಗೆ ಒಂದು ಕರಾಳ ಮುಖವೂ ಇದೆ. ವಿಕ್ಟೋರಿಯ ರಾಣಿಯ ಕಾಲದಲ್ಲಿ ಸಾಲ್ಮನ್ ಮೀನಿನ ನೊಣಗಳು ಆಭರಣಗಳಂತಾದವು. ಒಂದೊಂದಕ್ಕೂ ಹತ್ತಾರು ದೇಶಗಳ ಹಕ್ಕಿಗಳ ಗರಿ ಬೇಕಾಯಿತು. ಅವುಗಳಲ್ಲಿ ಬಹುಬೇಡಿಕೆಯುಳ್ಳದ್ದು ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಕತ್ತಿನ ಗರಿ. ಆ ಹುಂಜದ ಗರಿಯ ತುದಿಯಲ್ಲಿ ಮೇಣವನ್ನು ಕರಗಿಸಿ ಹಚ್ಚಿದಂತೆ ಬಿಳಿ-ಹಳದಿ ಬಣ್ಣದ ಗಟ್ಟಿ ಬಿಲ್ಲೆಗಳಿರುತ್ತವೆ. ನೊಣದ ಕೆನ್ನೆಗೆ ಕಟ್ಟಿದರೆ ಮರಿಮೀನಿನ ಕಣ್ಣಿನಂತೆ ಹೊಳೆಯುತ್ತದೆ. ಈ ಕಣ್ಣಿಗಾಗಿ ಸತ್ತ ಕಾಡುಕೋಳಿಗಳಿಗೆ ಲೆಕ್ಕವಿಲ್ಲ. ಭಾರತವು ಈ ಗರಿಯ ರಫ್ತನ್ನು ನಿಷೇಧಿಸಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಹಕ್ಕಿಗೆ ರಕ್ಷೆಯಾಗಿದೆ. ಹೊರದೇಶಗಳಲ್ಲಿ ಈಗ ಸಾಕಿ ಬೆಳೆಸಿದ ಹಕ್ಕಿಗಳ ಗರಿಯನ್ನು ಮಾರುತ್ತಾರೆ.

ಗರಿಯ ಮೋಹ ಮನುಷ್ಯನನ್ನು ಎಲ್ಲಿಗೆ ಒಯ್ಯಬಹುದೆಂಬುದಕ್ಕೆ 2009ರ ಜೂನ್ ತಿಂಗಳಿನಲ್ಲಿ ಇಂಗ್ಲೆಂಡಿನಲ್ಲಿ ನಡೆದ ಘಟನೆಯೇ ಸಾಕ್ಷಿ. ಟ್ರಿಂಗ್ ಎಂಬ ಊರಿನಲ್ಲಿರುವ ಪ್ರಾಕೃತಿಕ ವಸ್ತುಸಂಗ್ರಹಾಲಯಕ್ಕೆ ರಾತ್ರಿಯಲ್ಲಿ ಕಿಟಕಿಯೊಡೆದು ನುಗ್ಗಿದ ಕಳ್ಳನೊಬ್ಬನು 299 ಹಕ್ಕಿಗಳ ಚರ್ಮಗಳನ್ನು ಹೊತ್ತೊಯ್ದನು. ಅವುಗಳಲ್ಲಿ ಕೆಲವು, ವಿಕಾಸವಾದದ ಚಿಂತಕರಲ್ಲೊಬ್ಬನಾದ ಆಲ್ಫ್ರೆಡ್ ರಸೆಲ್ ವಾಲೆಸ್ ಸ್ವತಃ ಸಂಗ್ರಹಿಸಿದ್ದವು. ಕಳ್ಳನು ಇಪ್ಪತ್ತರ ಹರೆಯದ ಸಂಗೀತ ವಿದ್ಯಾರ್ಥಿ. ನೊಣ ಕಟ್ಟುವುದರಲ್ಲಿ ಅಸಾಧಾರಣ ಪ್ರತಿಭಾವಂತ. ವಿಜ್ಞಾನಕ್ಕೆ ಮತ್ತೆ ದೊರೆಯದ ನಿಧಿಯ ಒಂದು ಭಾಗ ಅಲಂಕಾರದ ನೊಣಗಳಿಗಾಗಿ ಚೂರುಚೂರಾಗಿ ಮಾರಾಟವಾಯಿತು.

ಆದುದರಿಂದ ನಮ್ಮಲ್ಲಿ ಈ ಹವ್ಯಾಸಕ್ಕೆ ಕೈಹಾಕುವವರು ಮೊದಲೇ ಗೆರೆ ಎಳೆದುಕೊಳ್ಳಬೇಕು. ಕಾಡುಹಕ್ಕಿಯ ಗರಿ, ಜಿಂಕೆ ಕಡವೆಗಳ ಕೂದಲು ಸರ್ವಥಾ ಕೂಡದು. ಜಿಂಕೆಯ ಕೂದಲಿನಿಂದ ಪಾಶ್ಚಾತ್ಯರು ಮಾಡುವ ತೇಲುವ ಕಪ್ಪೆಯನ್ನು ಚಪ್ಪಲಿಯ ಫೋಮಿನ ಚೂರಿನಿಂದಲೂ ಮಾಡಬಹುದು. ಕಪ್ಪೆಯೆಂದರೆ ಪ್ರಾಣ ಬಿಡುವ ಕೊರವ ಮೀನು ಈ ಭೇದವನ್ನು ಎಣಿಸುವುದಿಲ್ಲ.

ನೀರು ಹೇಳುವ ಮಾತು

ನೊಣ ಕಟ್ಟುವವನು ಮೊದಲು ನೀರನ್ನು ಓದಬೇಕು. ಅಲ್ಲಿ ಯಾವ ಹುಳುವಿದೆಯೋ ಅದರ ರೂಪವನ್ನೇ ಕಟ್ಟಬೇಕು. ಯುರೋಪಿನ ತಿಳಿನೀರಿನ ತೊರೆಗಳಲ್ಲಿ ಅವನ ಆದರ್ಶ 'ಮೇಫ್ಲೈ' ಎಂಬ ಕೋಮಲ ಕೀಟ. ನೀರಿನಲ್ಲಿ ಬಹುಕಾಲ ಮರಿಯಾಗಿದ್ದು, ರೆಕ್ಕೆ ಬಂದ ಮೇಲೆ ಒಂದೆರಡು ದಿನವಷ್ಟೇ ಬಾಳುವ ಜೀವ ಅದು. ಆಮ್ಲಜನಕ ಕುಗ್ಗಿದ ಹೊಲಸು ನೀರಿನಲ್ಲಿ ಅದರ ಮರಿಗಳು ಬದುಕಲಾರವು.

ಈ ದೃಷ್ಟಿಯಿಂದ ವರ್ತೂರಿನ ಕೆರೆಯನ್ನು ನೋಡಬೇಕು. ಸುಮಾರು 445 ಎಕರೆಗಳಷ್ಟು ಹರಡಿರುವ ಇದು ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆಯನ್ನು ಬಿಟ್ಟರೆ ಅತಿ ದೊಡ್ಡದು. ಬೆಳ್ಳಂದೂರಿನ ನೀರು ಇಲ್ಲಿಗೆ ಹರಿದುಬಂದು, ಇಲ್ಲಿಂದ ಕೋಡಿಬಿದ್ದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ನಗರ ಬೆಳೆದಂತೆ ನೀರಿನೊಡನೆ ಕೊಳಚೆಯೂ ಬಂದಿತು. 2015ರಲ್ಲಿ ಬಟ್ಟೆಸೋಪಿನ ಪುಡಿಗಳ ರಾಸಾಯನಿಕದಿಂದ ಎದ್ದ ಬಿಳಿಯ ನೊರೆ ವರ್ತೂರು ಕೋಡಿಯ ರಸ್ತೆಗೆ ಹಾರಿಬಂದು, ದೇಶವಿದೇಶಗಳ ಪತ್ರಿಕೆಗಳಲ್ಲಿ ಚಿತ್ರವಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಲಿ ಮಧ್ಯೆ ಪ್ರವೇಶಿಸಿತು. ಆಮೇಲಿನ ವರ್ಷಗಳಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಹೂಳೆತ್ತುವ ಕಾರ್ಯವನ್ನು ಕೈಗೊಂಡಿತು.

ಅಂತಹ ನೀರಿನಲ್ಲಿ ತಾಳಿ ಬಾಳುವ ಕೀಟ ಒಂದಿದೆ. ಅದು ಕಚ್ಚದ ಸೊಳ್ಳೆಯಂತಿರುವ ನುಸಿ. ಕೆಸರಿನಲ್ಲಿ ಹುದುಗಿರುವ ಅದರ ಮರಿಯ ಬಣ್ಣ ರಕ್ತಗೆಂಪು. ನಮ್ಮ ರಕ್ತದಲ್ಲಿರುವಂತೆಯೇ ಹಿಮೋಗ್ಲೋಬಿನ್ ಅದರ ಮೈಯಲ್ಲೂ ಇದ್ದು, ಅಲ್ಪಸ್ವಲ್ಪ ಆಮ್ಲಜನಕವನ್ನೂ ಹೀರಿಕೊಳ್ಳಲು ನೆರವಾಗುತ್ತದೆ. ಇದರ ಹುಸಿರೂಪವನ್ನು ಕಟ್ಟುವುದು ಅತಿ ಸುಲಭ: 14ನೆಯ ಅಳತೆಯ ಕೊಕ್ಕೆಗೆ ಕೆಂಪು ರೇಷ್ಮೆಯ ತೆಳು ಮೈ, ಅದರ ಮೇಲೆ ಸಣ್ಣ ತಾಮ್ರದ ತಂತಿಯ ನಾಲ್ಕು ಸುತ್ತು, ತಲೆಯ ಕಡೆ ಚಿಟಿಕೆಯಷ್ಟು ಕಂದು ಉಣ್ಣೆ. ಜಿಲೇಬಿ ಮೀನು, ಗೆಂಡೆ ಮೀನುಗಳು ಇದನ್ನು ಒಲ್ಲೆನ್ನುವುದಿಲ್ಲ.

ಆದರೆ ಕೊಳಚೆಯ ನೀರಿನ ಮೀನನ್ನು ಹಿಡಿದರೂ ಉಣ್ಣಲಾಗದು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅದುಮಿ, ಹಿಡಿದ ಮೀನನ್ನು ನೋಯಿಸದೆ ಮರಳಿ ನೀರಿಗೆ ಬಿಡುವುದೇ ಲೇಸು. ಕೆರೆಗಳ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರುವುದರಿಂದ, ಗಾಳ ಹಾಕುವ ಮುನ್ನ ಅನುಮತಿ ಪಡೆಯುವುದೂ ಅಗತ್ಯ.

ಹೀಗೆ ಹುಸಿನೊಣದ ಡಬ್ಬಿಯೊಂದು ಆಯಾ ನೀರಿನ ಜಾತಕವಿದ್ದಂತೆ. ತಿಳಿನೀರಿನವನ ಡಬ್ಬಿಯಲ್ಲಿ ನಾನಾ ಬಣ್ಣದ, ನಾನಾ ರೆಕ್ಕೆಯ ಹುಳುಗಳಿರುತ್ತವೆ; ಕೆಟ್ಟ ನೀರಿನವನಿಗೆ ಕೆಂಪು ಹುಳುವೊಂದೇ ಗತಿ. ವರ್ತೂರಿನ ಮಕ್ಕಳು ಕೆರೆಯ ದಡದಲ್ಲಿ ಕುಳಿತು ನೀರಿನ ಹುಳುಗಳನ್ನು ಎಣಿಸಿ, ವರ್ಷದಿಂದ ವರ್ಷಕ್ಕೆ ಒಂದೊಂದು ಹೊಸ ನೊಣವನ್ನು ಕಟ್ಟುವಂತಾದರೆ, ಕೆರೆ ಚೇತರಿಸುತ್ತಿದೆಯೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಲಾರದು.