ಒಂದೇ ವರ್ಷದ ಎರಡು ಸೀಸೆ

ಹದಡಿಯ ನಮ್ಮ ಹಿತ್ತಲಲ್ಲಿ ಮೊದಲ ಸಲ ಸೋಪು ಕಲಸಿದ ದಿನ, ಹಲ್ಲುನೋವಿಗೆಂದು ತಂದಿಟ್ಟಿದ್ದ ಲವಂಗದೆಣ್ಣೆಯ ಸೀಸೆಯನ್ನು ಪೂರ್ತಿ ಬಗ್ಗಿಸಿಬಿಟ್ಟೆ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಸೇರಿ ಒಂದು ಕಿಲೊ. ಕಾಸ್ಟಿಕ್ ಸೋಡ, ನೀರು ಎಲ್ಲ ತೂಗಿಯೇ ಹಾಕಿದ್ದೆ. ಪರಿಮಳ ಮಾತ್ರ ಕಣ್ಣಳತೆ. ಮಜ್ಜಿಗೆಯಂತೆ ತಿರುಗುತ್ತಿದ್ದದ್ದು ನೋಡನೋಡುತ್ತ ಗಟ್ಟಿಯಾಗಿ, ಸೌಟು ನೆಟ್ಟಗೆ ನಿಂತಿತು.

"ಸೋಪು ಮಾಡ್ತೀನಿ ಅಂದಿ, ಗಾರೆ ಕಲಸಿದಂಗೆ ಆಗೈತಲ್ಲವ್ವಾ" ಅಂದರು ಅತ್ತೆ.

ಬಿಸಾಡಲು ಮನಸ್ಸು ಬರಲಿಲ್ಲ. ಆರು ವಾರ ಒಣಗಿಸಿ ಹಚ್ಚಿಕೊಂಡೆ. ಮೊಣಕೈಯ ಒಳಮಡಿಕೆ ಕೆಂಪೇರಿ ಎರಡು ದಿನ ಉರಿಯಿತು.

ತಪ್ಪೆಲ್ಲಾಯಿತೆಂದು ಹುಡುಕುತ್ತ ಹೋದಾಗ ಮೊದಲು ಸಿಕ್ಕಿದ್ದು ಯೂಜಿನಾಲ್. ಲವಂಗದೆಣ್ಣೆಯ ಮುಕ್ಕಾಲು ಭಾಗ ಅದೇ. ಅದು ಫೀನಾಲ್ ಜಾತಿಯದು, ತುಸು ಆಮ್ಲಗುಣದ್ದು. ಹಸಿ ಕ್ಷಾರ ಕಂಡೊಡನೆ ಕೂಡಿಕೊಂಡು ಪಾಕವನ್ನು ಗಟ್ಟಿ ಮಾಡಿಬಿಡುತ್ತದೆ. ಚರ್ಮಕ್ಕೂ ಅದು ಖಾರವೇ. ಸೋಪು ಮಾಡುವವರು ಲವಂಗದೆಣ್ಣೆಯನ್ನು ಕಿಲೊ ಎಣ್ಣೆಗೆ 5 ಗ್ರಾಂ ಆಸುಪಾಸಿನಲ್ಲೇ ನಿಲ್ಲಿಸುತ್ತಾರೆ. ನನ್ನ ಸೀಸೆಯಲ್ಲಿ ಇದ್ದದ್ದು 30 ಮಿಲಿ.

ಹಾಗಾದರೆ ಪರಿಮಳವನ್ನು ಹಸಿ ಕಾಸ್ಟಿಕ್ಕಿನ ಬಾಯಿಗೆ ಕೊಡದೆ ಸೋಪು ಮಾಡುವುದು ಹೇಗೆ? ಉತ್ತರ ನಮ್ಮ ಬಚ್ಚಲಲ್ಲೇ ಇತ್ತು, ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆಯಲ್ಲಿ.

ಮೊದಲ ಮಹಾಯುದ್ಧದ ಮುಂಚೆ ಮೈಸೂರು ಸಂಸ್ಥಾನದ ಗಂಧದ ಕೊರಡು ಹಡಗು ಹತ್ತಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ಕೆಲಸ ಅಲ್ಲಿ. 1914ರಲ್ಲಿ ಆ ದಾರಿ ಮುಚ್ಚಿತು, ಕೊರಡು ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ದಿವಾನರು ವಿಶ್ವೇಶ್ವರಯ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೊ ಮತ್ತು ವಾಟ್ಸನ್ ಗಂಧದ ಪುಡಿಗೆ ಹಬೆ ಹಾಯಿಸಿ ಎಣ್ಣೆ ಇಳಿಸುವ ಬಗೆಯನ್ನು ಇಲ್ಲಿಯೇ ಸಾಧಿಸಿದರು. 1916ರಲ್ಲಿ ನಮ್ಮ ನೆಲದ ಗಂಧದೆಣ್ಣೆ ಸೀಸೆಗೆ ಬಂತು. ಸೋಪಿನ ವಿದ್ಯೆ ಕಲಿಯಲು ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿದರು. 1918ಕ್ಕೆ ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆ ಎದ್ದಿತು.

ಇಂಥ ಕಾರ್ಖಾನೆಗಳ ಕ್ರಮ ಓದುವಾಗ ನನಗೆ ಬೇಕಾದ ಸಾಲು ಸಿಕ್ಕಿತು. ಅಲ್ಲಿ ಮೊದಲು ಎಣ್ಣೆ-ಕ್ಷಾರ ಪೂರ್ತಿ ಸೋಪಾಗಬೇಕು, ಒಣಗಬೇಕು. ಆಮೇಲಷ್ಟೇ ಪರಿಮಳ ಬೆರೆಸಿ, ಉರುಳೆಗಳ ನಡುವೆ ಅರೆದು, ಅಚ್ಚು ಒತ್ತುತ್ತಾರೆ. ಹೀಗೆ ಮಾಡಿದಾಗ ಪರಿಮಳಕ್ಕೆ ಹಸಿ ಕ್ಷಾರದ ಸೋಂಕೇ ಇಲ್ಲ. ನನ್ನ ಪಾತ್ರೆಯಲ್ಲಿ ಕ್ರಮವೇ ತಲೆಕೆಳಗಾಗಿತ್ತು.

ಅದೇ 1916ರಲ್ಲಿ ಯುರೋಪಿನಲ್ಲಿ ಇನ್ನೊಂದು ಸೀಸೆಯ ಮೇಲೆ ಕಣ್ಣು ಬಿದ್ದಿತ್ತು. ಫ್ರಾಯಿಂಡ್ ಎಂಬ ಚರ್ಮವೈದ್ಯರ ಬಳಿ ಬಂದವರ ಚರ್ಮದ ಮೇಲೆ ಕಂದು ಕಲೆಗಳು. ಕೊಲೋನ್ ಎಂಬ ಪರಿಮಳದ ನೀರು ಹಚ್ಚಿ ಬಿಸಿಲಿಗೆ ಹೋದಲ್ಲೇ ಕಲೆ ಮೂಡಿತ್ತು. ಕಾರಣ ಪೂರ್ತಿ ತಿಳಿಯಲು 1938 ಆಗಬೇಕಾಯಿತು: ಆ ನೀರಿನಲ್ಲಿದ್ದ, ಬೆರ್ಗಾಮಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆ ಎಣ್ಣೆಯಲ್ಲಿರುವ ಬೆರ್ಗಾಪ್ಟೆನ್ ಸೂರ್ಯನ ಬೆಳಕು ಹೀರಿ ಚರ್ಮವನ್ನು ಸುಡುತ್ತದೆಂದು ಕುಸ್ಕೆ ಎಂಬುವರು ತೋರಿಸಿದರು. ಹಿಂಡಿ ತೆಗೆದ ಹಸಿರು ನಿಂಬೆ ಎಣ್ಣೆಗೂ ಈ ಗುಣವಿದೆ. ಸೋಪು ತೊಳೆದುಹೋಗುವುದರಿಂದ ಅಪಾಯ ಕಡಿಮೆ, ನಿಜ. ಆದರೆ ಅದೇ ಎಣ್ಣೆಯನ್ನು ಮೈಗೆ ತಿಕ್ಕಿಕೊಂಡು ಭತ್ತದ ನಾಟಿಗೆ ಗದ್ದೆಗಿಳಿಯುವ ಹೆಣ್ಣುಮಕ್ಕಳು ನಮ್ಮೂರಲ್ಲಿದ್ದಾರೆ. ಇದು ಅವರಿಗೆ ಮೊದಲು ತಿಳಿಯಬೇಕು.

ಮೂರನೆಯ ಪಾಠ ಸ್ವೀಡನ್ನಿನದು. 1990ರ ದಶಕದಲ್ಲಿ ಆನ್-ತೆರೆಸ್ ಕಾರ್ಲ್‌ಬರ್ಗ್ ಮತ್ತು ಸಂಗಡಿಗರು ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನನ್ನು ಪರೀಕ್ಷಿಸಿದರು. ತಾಜಾ ಇದ್ದಾಗ ಅಷ್ಟು ತೊಂದರೆಯಿಲ್ಲ; ಗಾಳಿ ತಾಗಿ ಹಳತಾದಾಗ ಹುಟ್ಟುವ ಪದಾರ್ಥಗಳೇ ಚರ್ಮಕ್ಕೆ ಅಲರ್ಜಿ ತರುತ್ತವೆ. ದಾವಣಗೆರೆ ಸೀಮೆಯ ಏಪ್ರಿಲ್ ಬಿಸಿಲಲ್ಲಿ ಒಲೆಯ ಮೇಲಿನ ಗೂಡಿನಲ್ಲಿ, ಅರ್ಧ ಖಾಲಿಯಾದ ಸೀಸೆಯನ್ನು ವರ್ಷಗಟ್ಟಲೆ ಇಡುವುದೆಂದರೆ ಆ ಕೆಲಸಕ್ಕೆ ನಾವೇ ಕೈಜೋಡಿಸಿದಂತೆ.

ಈಗ ಕಾಸ್ಟಿಕ್ಕನ್ನು ನೀರಿಗೆ ಹಾಕುತ್ತೇನೆ. ನೀರನ್ನು ಕಾಸ್ಟಿಕ್ಕಿಗೆ ಸುರಿದರೆ ಕುದಿದು ಸಿಡಿಯುತ್ತದೆ. ಪಾಕವನ್ನು ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಬೇಯಿಸಿ ಪೂರ್ತಿ ಸೋಪಾದ ಮೇಲೆ ಇಳಿಸುತ್ತೇನೆ. ಬಿಸಿ ತುಸು ಆರಿದಾಗ ಪರಿಮಳ ಬೆರೆಸುತ್ತೇನೆ, ಲವಂಗವಾದರೆ ಗ್ರಾಂ ತಕ್ಕಡಿಯಲ್ಲಿ ತೂಗಿದ 5 ಗ್ರಾಂ. ಸೀಸೆಯ ಮೇಲೆ ತೆರೆದ ತಾರೀಖು ಬರೆದಿರುತ್ತೇನೆ. ಎಳೆ ಕೂಸುಗಳ ಸೋಪಿಗೆ ಪರಿಮಳವೇ ಇಲ್ಲ.

ಅತ್ತೆ ಹೊಸ ಬಿಲ್ಲೆಯನ್ನು ಮೊದಲು ಮುಂಗೈಗೆ ಹಚ್ಚಿ ತೊಳೆದುಕೊಂಡರು. ಮರುದಿನ ಬೆಳಿಗ್ಗೆ ಕೈ ತಿರುಗಿಸಿ ನೋಡಿ, "ಇದು ಸೋಪು ಕಣವ್ವಾ" ಎಂದು ಬಚ್ಚಲಿಗೆ ಒಯ್ದರು.