ಅಚ್ಚುಬೆಲ್ಲಕ್ಕೊಂದು ತಕ್ಕ ಪೆಟ್ಟಿಗೆ

ಆಲೆಮನೆಗೇ ಹೋಗಿ ಬೆಲ್ಲ ತರುವವರಿಗೆ ಪೆಟ್ಟಿಗೆಯ ಗೊಡವೆ ಇಲ್ಲ. ಅಚ್ಚಿನಿಂದ ಬಿಡಿಸಿದ ಬೆಲ್ಲವನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಉಪ್ಪುಪ್ಪಾಗಿದೆಯೇ, ಮರಳು ಮರಳಾಗಿ ಒಡೆಯುತ್ತದೆಯೇ, ಕೈಗೆ ಅಂಟುತ್ತದೆಯೇ ಎಂದು ಅಲ್ಲಿಯೇ ನೋಡಿ, ಕೇಳಿ, ಚೀಲಕ್ಕೆ ತುಂಬಿಸಿಕೊಳ್ಳುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರದ ಬೆಲ್ಲ ಬಹುಕಾಲ ಹೀಗೆಯೇ ಮಾರಾಟವಾಗಿದೆ. ಬೆಂಗಳೂರು–ಮೈಸೂರು ರಸ್ತೆಯ ಪಕ್ಕದ ಅಂಗಡಿಗಳಲ್ಲೂ ಇದೇ ಪದ್ಧತಿ ಇತ್ತು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಹೊರಗಿನಿಂದಲೇ ದಾಟಿ ಹೋಗುವ ವಾಹನಗಳು ಹೆಚ್ಚಾದವು. ಗಿರಾಕಿ ಬೆಲ್ಲದ ಬಳಿಗೆ ಬರುವುದು ಕಡಿಮೆಯಾದರೆ ಬೆಲ್ಲವೇ ಗಿರಾಕಿಯ ಬಳಿಗೆ ಹೋಗಬೇಕು. ಅಂದರೆ ಬೆಂಗಳೂರಿನ ಸೂಪರ್‌ಮಾರ್ಕೆಟ್ಟಿನ ಕಪಾಟಿನಲ್ಲಿ, ಸಕ್ಕರೆ, ಜೇನುತುಪ್ಪ, ಖರ್ಜೂರಗಳ ಪಕ್ಕದಲ್ಲಿ ನಿಲ್ಲಬೇಕು. ಅಲ್ಲಿ ರುಚಿ ತೋರಿಸುವವರಿಲ್ಲ, ಹೇಳುವವರಿಲ್ಲ. ಆ ಕೆಲಸ ಪೆಟ್ಟಿಗೆಯ ಪಾಲಿಗೆ ಬರುತ್ತದೆ.

ಕೇಂದ್ರ ಸರ್ಕಾರದ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತುಮಾಡಿದ ಉತ್ಪನ್ನ ಬೆಲ್ಲವೇ. ಆದ್ದರಿಂದ ಬೆಲ್ಲದ ಪೊಟ್ಟಣ ಹೇಗಿರಬೇಕು ಎಂಬುದು ಚಿತ್ರ ಬರೆಯುವವರಿಗಷ್ಟೇ ಬಿಟ್ಟ ವಿಷಯವಾಗಬಾರದು. ಅದರೊಳಗೆ ರಸಾಯನವಿದೆ, ಭೌತವಿಜ್ಞಾನವಿದೆ, ನಮ್ಮ ಆರೋಗ್ಯದ ಪ್ರಶ್ನೆಯೂ ಇದೆ.

ಬೆಲ್ಲ ಏಕೆ ಜಿನುಗುತ್ತದೆ?

ಸಕ್ಕರೆ ಡಬ್ಬಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಅದರ ಪಕ್ಕದಲ್ಲಿಟ್ಟ ಬೆಲ್ಲ ಆಷಾಢ ಬರುವಷ್ಟರಲ್ಲಿ ಬೆವರಲು ಶುರುಮಾಡುತ್ತದೆ. ಎರಡೂ ಒಂದೇ ಕಬ್ಬಿನ ಹಾಲಿನಿಂದ ಬಂದವು. ವ್ಯತ್ಯಾಸ ಇರುವುದು ಜೊತೆಗೆ ಉಳಿದುಕೊಂಡ ಪದಾರ್ಥಗಳಲ್ಲಿ.

ಸಕ್ಕರೆ ಎಂದರೆ ಬಹುಪಾಲು ಶುದ್ಧ ಸುಕ್ರೋಸ್. ಬೆಲ್ಲದಲ್ಲಿ ಸುಕ್ರೋಸ್ ಜೊತೆಗೆ ಗ್ಲುಕೋಸ್ ಮತ್ತು ಫ್ರುಕ್ಟೋಸ್ ಇರುತ್ತವೆ, ಖನಿಜಗಳಿರುತ್ತವೆ, ಒಂದಿಷ್ಟು ನೀರೂ ಇರುತ್ತದೆ. ಕಬ್ಬಿನ ಹಾಲು ಹುಳಿಯಾದಾಗ ಅಥವಾ ಹೆಚ್ಚು ಹೊತ್ತು ಕುದ್ದಾಗ ಸುಕ್ರೋಸ್‌ನ ಅಣು ಒಡೆದು ಗ್ಲುಕೋಸ್ ಮತ್ತು ಫ್ರುಕ್ಟೋಸ್ ಆಗುತ್ತದೆ. ಕಡಿದ ಕಬ್ಬನ್ನು ಗಾಣಕ್ಕೆ ಕೊಡದೆ ದಿನಗಟ್ಟಲೆ ಬಿಟ್ಟರೆ ಈ ಒಡಕು ಮೊದಲೇ ಶುರುವಾಗಿರುತ್ತದೆ. ಹಾಲಿಗೆ ಸುಣ್ಣದ ತಿಳಿ ಹಾಕುವುದರ ಹಿಂದೆ ಹುಳಿ ತಗ್ಗಿಸುವ ಉದ್ದೇಶವಿದೆ.

ಫ್ರುಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಲ್ಲಿ ಬಲು ಚುರುಕು. ಶುದ್ಧ ಸುಕ್ರೋಸ್ ಹರಳು ನೀರು ಹೀರಿ ಕರಗಲು ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ 85 ಆಗಬೇಕು. ಫ್ರುಕ್ಟೋಸಿಗೆ ಶೇ 63ರ ಆಸುಪಾಸು ಸಾಕು. ಸಕ್ಕರೆಗಳು ಒಂದರೊಳಗೊಂದು ಬೆರೆತಿದ್ದರೆ ಈ ಮಿತಿ ಇನ್ನೂ ಕೆಳಗಿಳಿಯುತ್ತದೆ. ಮಳೆಗಾಲದ ಬೆಳಿಗ್ಗೆ ಕೆ.ಆರ್. ಪೇಟೆಯಲ್ಲಾಗಲಿ ನಾಗಮಂಗಲದಲ್ಲಾಗಲಿ ಆರ್ದ್ರತೆ ಶೇ 80 ದಾಟುವುದು ಮಾಮೂಲು. ಹೀಗಿರುವಾಗ ಬಿಡಿಯಾಗಿಟ್ಟ ಬೆಲ್ಲ ಜಿನುಗದೆ ಇರುವುದಾದರೂ ಹೇಗೆ? ಹೊರಮೈ ತೆಳ್ಳಗೆ ಪಾಕವಾಗುತ್ತದೆ, ಆ ಪಾಕದಲ್ಲಿ ಯೀಸ್ಟ್ ಮತ್ತು ಬೂಷ್ಟು ಬೆಳೆಯುತ್ತವೆ, ಹುಳಿ ವಾಸನೆ ಬರುತ್ತದೆ, ಬಣ್ಣ ಕಪ್ಪಿಡುತ್ತದೆ.

ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ 1847ರಲ್ಲಿ ಶುರುವಾದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ರೈತರಿಂದ ಬೆಲ್ಲ ಕೊಂಡು ಅದನ್ನು ಶುದ್ಧಿ ಮಾಡಿ ಸಕ್ಕರೆ ತೆಗೆಯುತ್ತಿತ್ತು. ಹೀಗೆ ಶುದ್ಧಿ ಮಾಡುವಾಗ ಕಾಕಂಬಿಯ ಜೊತೆಗೆ ನೀರು ಎಳೆಯುವ ಸಕ್ಕರೆಗಳೂ ಹೊರಟುಹೋಗುತ್ತವೆ. ಸಕ್ಕರೆ ಬಾಳಿಕೆ ಬರುವುದು ಅದರಿಂದಲೇ. ಆದರೆ ಬೆಲ್ಲದ ಪರಿಮಳವೂ ಖನಿಜಗಳೂ ಅದರ ಜೊತೆಗೇ ಹೋಗುತ್ತವೆ. ಬೆಲ್ಲವನ್ನು ಬೆಲ್ಲವಾಗಿಯೇ ಉಳಿಸಿಕೊಳ್ಳಬೇಕೆಂದರೆ ಒಳಗಿನದನ್ನು ತೆಗೆಯುವಂತಿಲ್ಲ, ಹೊರಗಿನ ತೇವವನ್ನು ತಡೆಯಬೇಕು.

ಒಳಪೊರೆಯ ಲೆಕ್ಕ

ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ತೇವ ನಿಂತಂತೆ ಎಂದು ಹಲವರು ತಿಳಿದಿದ್ದಾರೆ. ಎಲ್ಲ ಪ್ಲಾಸ್ಟಿಕ್ಕಿನೊಳಗಿಂದಲೂ ನೀರಾವಿ ಅಷ್ಟಿಷ್ಟು ನುಸುಳುತ್ತದೆ. ಎಷ್ಟು ನುಸುಳುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ 38 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ 90ರ ಆರ್ದ್ರತೆಯಲ್ಲಿ ಅಳೆಯುತ್ತಾರೆ. 25 ಮೈಕ್ರಾನ್ ದಪ್ಪದ ಸಾಧಾರಣ ಪಾಲಿಥೀನ್ ಹಾಳೆಯ ಒಂದು ಚದರ ಮೀಟರಿನಲ್ಲಿ ದಿನಕ್ಕೆ ಸುಮಾರು 15ರಿಂದ 20 ಗ್ರಾಂ ನೀರಾವಿ ದಾಟುತ್ತದೆ. ಅಲ್ಯೂಮಿನಿಯಂ ಲೇಪಿಸಿದ ಪಾಲಿಯೆಸ್ಟರ್ ಹಾಳೆಯಲ್ಲಿ ಇದು ಒಂದು ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ತೂತಿಲ್ಲದ ಅಲ್ಯೂಮಿನಿಯಂ ಹಾಳೆಯಲ್ಲಿ ಹೆಚ್ಚುಕಡಿಮೆ ಸೊನ್ನೆ.

ಇದನ್ನು ಅರ್ಧ ಕಿಲೋ ಬೆಲ್ಲಕ್ಕೆ ಹಚ್ಚಿ ನೋಡೋಣ. ಅದಕ್ಕೆ 500 ಚದರ ಸೆಂಟಿಮೀಟರ್, ಅಂದರೆ 0.05 ಚದರ ಮೀಟರ್ ಹಾಳೆ ಬೇಕೆನ್ನಿ. ದಿನಕ್ಕೆ 18 ಗ್ರಾಂ ಲೆಕ್ಕದಲ್ಲಿ ಈ ಪೊಟ್ಟಣದೊಳಕ್ಕೆ 0.9 ಗ್ರಾಂ, ತಿಂಗಳಿಗೆ 27 ಗ್ರಾಂ ನೀರು ಸೇರುತ್ತದೆ. ನಮ್ಮ ಮಳೆಗಾಲ ಪರೀಕ್ಷೆಯ ಪೆಟ್ಟಿಗೆಯಷ್ಟು ಬಿಸಿ ಇರುವುದಿಲ್ಲ. ಮೂರರಲ್ಲಿ ಒಂದು ಪಾಲು ಎಂದಿಟ್ಟುಕೊಂಡರೂ ತಿಂಗಳಿಗೆ 9 ಗ್ರಾಂ ಆಯಿತು. ಶೇ 5 ನೀರಿದ್ದ ಬೆಲ್ಲ ಒಂದೇ ತಿಂಗಳಲ್ಲಿ ಶೇ 7ರ ಹತ್ತಿರ ಬರುತ್ತದೆ. ಭಾರತೀಯ ಮಾನಕ ಬ್ಯೂರೋ ಮೊದಲ ದರ್ಜೆಯ ಬೆಲ್ಲಕ್ಕೆ ಹಾಕಿರುವ ತೇವಾಂಶದ ಮಿತಿ ಶೇ 5, ಎರಡನೆಯ ದರ್ಜೆಗೆ ಶೇ 7. ರೈತ ಕಷ್ಟಪಟ್ಟು ತೆಗೆದ ಮೊದಲ ದರ್ಜೆಯ ಬೆಲ್ಲ ಕಪಾಟಿನಲ್ಲಿ ಕೂತಲ್ಲೇ ಎರಡನೆಯ ದರ್ಜೆಗೆ ಇಳಿಯಿತು ಎಂದರ್ಥ.

ಇನ್ನೊಂದು ತಪ್ಪು ಒಳಗಿನಿಂದಲೇ ಆಗುತ್ತದೆ. ಬಿಸಿ ಆರುವ ಮುಂಚೆ ಬೆಲ್ಲ ಕಟ್ಟಿದರೆ ಅದರ ಆವಿಯೇ ಹಾಳೆಯ ಒಳಮೈಗೆ ಹನಿಯಾಗಿ ಕೂರುತ್ತದೆ. ಆಗ ಎಷ್ಟು ಒಳ್ಳೆಯ ಹಾಳೆಯೂ ತೇವವನ್ನು ಒಳಗೇ ಹಿಡಿದಿಡುವ ಬಲೆಯಾಗುತ್ತದೆ. ಪೂರ್ತಿ ಆರಿಸಿ, ಒಣಹವೆಯಲ್ಲಿ ಕಟ್ಟುವುದಕ್ಕೆ ಬದಲಿ ಇಲ್ಲ.

ಗೆರೆ ಬಿದ್ದಲ್ಲಿ ಮಡಿಕೆ

ತೇವ ತಡೆಯುವುದು ಒಳಪೊರೆಯ ಕೆಲಸವಾದರೆ, ನೆಟ್ಟಗೆ ನಿಂತು ಗಿರಾಕಿಯ ಕಣ್ಣಿಗೆ ಬೀಳುವುದು ಹೊರಗಿನ ರಟ್ಟಿನ ಕೆಲಸ. ಚಪ್ಪಟೆಯಾಗಿ ಬಂದು, ಬೇಕಾದಾಗ ಮಡಿಚಿ ನಿಲ್ಲಿಸುವ ರಟ್ಟಿನ ಪೆಟ್ಟಿಗೆಗೆ ಒಂದು ಚರಿತ್ರೆ ಇದೆ. 1879ರಲ್ಲಿ ನ್ಯೂಯಾರ್ಕಿನಲ್ಲಿ ಕಾಗದದ ಚೀಲ ಮಾಡುತ್ತಿದ್ದ ರಾಬರ್ಟ್ ಗೇರ್ ಅವರ ಕಾರ್ಖಾನೆಯಲ್ಲಿ, ಚೀಲದ ಮೇಲೆ ಗೆರೆ ಒತ್ತಬೇಕಿದ್ದ ಲೋಹದ ಪಟ್ಟಿ ಎತ್ತರ ತಪ್ಪಿ ಕಾಗದವನ್ನು ಕತ್ತರಿಸಿಬಿಟ್ಟಿತು. ಕತ್ತರಿಸುವುದನ್ನೂ ಗೆರೆ ಒತ್ತುವುದನ್ನೂ ಒಂದೇ ಏಟಿಗೆ ಮಾಡಬಹುದು ಎಂಬುದು ಅದರಿಂದ ಗೇರ್‌ಗೆ ಹೊಳೆಯಿತು. ಇವತ್ತಿನ ಪೇಸ್ಟಿನ ಡಬ್ಬಿ, ಮಾತ್ರೆಯ ಡಬ್ಬಿ ಎಲ್ಲವೂ ಆ ವಂಶದವು.

ರಟ್ಟು ಗೆರೆ ಬಿದ್ದಲ್ಲಿ ಹರಿಯದೆ ಮಡಿಯುವುದು ಹೇಗೆ ಎಂಬುದು ಹತ್ತಿರದಿಂದ ನೋಡಬೇಕಾದ ಸಂಗತಿ. ರಟ್ಟು ಹಲವು ಪದರಗಳ ನಾರಿನ ಹಾಸು. ಗೆರೆ ಒತ್ತುವಾಗ ಅದರ ಕೆಳಗೆ ಸಣ್ಣ ಕಾಲುವೆಯಂಥ ಕೊರಕಲು ಇರುತ್ತದೆ, ಮೇಲಿನಿಂದ ಮೊಂಡು ಅಂಚಿನ ಪಟ್ಟಿ ಬಂದು ಒತ್ತುತ್ತದೆ. ಆ ಒತ್ತಡಕ್ಕೆ ಒಳಗಿನ ಪದರಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ, ಹೊರಮೈ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಮಡಿಚಿದಾಗ ಬಿಟ್ಟುಕೊಂಡ ಪದರಗಳು ಒಳಮೂಲೆಯಲ್ಲಿ ಪುಟ್ಟ ದಿಂಡಾಗಿ ಉಬ್ಬುತ್ತವೆ, ಹೊರಗಿನ ಮೈಗೆ ಎಳೆತ ಕಡಿಮೆಯಾಗುತ್ತದೆ. ಮನೆಯಲ್ಲಿರುವ ಯಾವುದಾದರೂ ಖಾಲಿ ಡಬ್ಬಿಯನ್ನು ಬಿಡಿಸಿ ಬೆರಳಾಡಿಸಿದರೆ ಈ ದಿಂಡು ಕೈಗೆ ಸಿಗುತ್ತದೆ.

ನಾರು ಯಾವ ದಿಕ್ಕಿಗೆ ಮಲಗಿದೆ ಎಂಬುದೂ ಮುಖ್ಯ. ಕಾಗದದ ಯಂತ್ರ ಓಡುವ ದಿಕ್ಕಿಗೆ ನಾರುಗಳು ಸಾಲಾಗಿ ಮಲಗುತ್ತವೆ, ಆ ದಿಕ್ಕಿನಲ್ಲಿ ರಟ್ಟು ಹೆಚ್ಚು ಬಿರುಸು. ದಿಕ್ಕು ತಪ್ಪಿಸಿ ಕತ್ತರಿಸಿದ ಪೆಟ್ಟಿಗೆಯ ಮುಖ ತೂಕಕ್ಕೆ ಹೊಟ್ಟೆಯಂತೆ ಉಬ್ಬುತ್ತದೆ. ರಟ್ಟು ಕೂಡ ತೇವ ಕುಡಿಯುವ ವಸ್ತುವೇ ಆದ್ದರಿಂದ ಮಳೆಗಾಲದಲ್ಲಿ ಇನ್ನಷ್ಟು ಸೊರಗುತ್ತದೆ. ಬೆಲ್ಲ ಭಾರವಾದ ಸರಕು. ತಳ ತಾನಾಗಿ ಬೀಗಿಕೊಳ್ಳುವಂತೆ ಅಂಟಿಸಿದ ಪೆಟ್ಟಿಗೆಯೇ ಇದಕ್ಕೆ ಸರಿ, ಬರೀ ಕಿವಿ ಸಿಕ್ಕಿಸುವ ತಳ ಸಾಲದು. ಚಪ್ಪಟೆ ರಟ್ಟಿನ ಕಟ್ಟು ಸಣ್ಣ ಆಲೆಮನೆಯ ಒಂದು ಮೂಲೆಯಲ್ಲಿ ಹಿಡಿಸುತ್ತದೆ ಎಂಬುದು ಅದರ ದೊಡ್ಡ ಅನುಕೂಲ.

ಕಣ್ಣಿನ ಲೆನ್ಸ್ ಕಲಿಸುವ ಪಾಠ

ಒಳಗೊಂದು ಪೊರೆ, ಹೊರಗೊಂದು ರಟ್ಟು ಎಂಬ ಕೆಲಸದ ಹಂಚಿಕೆಯನ್ನು ಬಲು ಅಚ್ಚುಕಟ್ಟಾಗಿ ಮಾಡಿರುವುದು ಕಾಂಟ್ಯಾಕ್ಟ್ ಲೆನ್ಸ್ ಉದ್ಯಮ. ದಿನಕ್ಕೊಂದರಂತೆ ಬಳಸಿ ಎಸೆಯುವ ಮೃದು ಲೆನ್ಸ್ ಪಾಲಿಪ್ರೊಪಿಲೀನಿನ ಪುಟ್ಟ ಬಟ್ಟಲಿನಲ್ಲಿ, ಉಪ್ಪುನೀರಿನಲ್ಲಿ ಮುಳುಗಿ ಕೂತಿರುತ್ತದೆ. ಮೇಲೆ ಅಲ್ಯೂಮಿನಿಯಂ ಹಾಳೆಯ ಮುಚ್ಚಳ. ಮುಚ್ಚಿದ ಮೇಲೆ ಬಿಸಿ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡುತ್ತಾರೆ. ಒಂದನ್ನು ತೆರೆದರೆ ಉಳಿದವುಗಳಿಗೆ ಏನೂ ಆಗದು. ಈ ಬಟ್ಟಲುಗಳೆಲ್ಲ ಮಡಿಚುವ ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಅಂಗಡಿಗೆ ಬರುತ್ತವೆ. ಜಪಾನಿನ ಮೆನಿಕಾನ್ ಕಂಪನಿ ಇನ್ನೂ ಮುಂದೆ ಹೋಗಿ ಲೆನ್ಸನ್ನು ಸುಮಾರು ಒಂದು ಮಿಲಿಮೀಟರ್ ದಪ್ಪದ ಚಪ್ಪಟೆ ಪೊಟ್ಟಣಕ್ಕೆ ಇಳಿಸಿದೆ. ತೆರೆದಾಗ ಲೆನ್ಸಿನ ಹೊರಮೈ ನಮ್ಮ ಕಡೆಗಿರುತ್ತದೆ, ಕಣ್ಣಿಗೆ ತಾಗುವ ಒಳಮೈಯನ್ನು ಬೆರಳು ಮುಟ್ಟುವುದಿಲ್ಲ.

ಲೆನ್ಸಿನ ಒಳಗಿನ ನೀರು ಹೊರಗೆ ಹೋಗಬಾರದು, ಬೆಲ್ಲಕ್ಕೆ ಹೊರಗಿನ ನೀರು ಒಳಗೆ ಬರಬಾರದು. ತಡೆಯ ವಿಜ್ಞಾನ ಒಂದೇ. ಅರ್ಧ ಕಿಲೋ ಪೊಟ್ಟಣ ಒಮ್ಮೆ ತೆರೆದ ಮೇಲೆ ಒಳಗಿನ ಬೆಲ್ಲವೆಲ್ಲ ಮಳೆಗಾಲದ ಗಾಳಿಗೆ ಮೈಯೊಡ್ಡಿಕೊಳ್ಳುತ್ತದೆ. ಬದಲಿಗೆ 15 ಗ್ರಾಂನ ಅಚ್ಚುಗಳನ್ನು ಒಂದೊಂದಾಗಿ ಮುಚ್ಚಿ, ಮುಂಭಾಗ ಹರಿದರೆ ತಟ್ಟೆಯಂತೆ ತೆರೆದುಕೊಳ್ಳುವ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದರೆ ಕಾಫಿಗೆ ಒಂದು, ಪಾಯಸಕ್ಕೆ ಹತ್ತು ಎಂದು ತೆಗೆದುಕೊಳ್ಳಬಹುದು. ಅಚ್ಚುಬೆಲ್ಲಕ್ಕೆ ಇದು ಹೇಳಿ ಮಾಡಿಸಿದ ವಿಧಾನ. ಬಕೆಟ್ಟಿನಲ್ಲಿ ಹೊಯ್ದ ದೊಡ್ಡ ಬೆಲ್ಲಕ್ಕೆ ಇದು ಒಗ್ಗದು.

ಒಂದು ಎಚ್ಚರ ಇರಲಿ. ಸಣ್ಣ ತುಂಡುಗಳಿಗೆ ತೂಕಕ್ಕೆ ಹೋಲಿಸಿದರೆ ಮೈ ಹೆಚ್ಚು. ಅರ್ಧ ಕಿಲೋದ 33 ಅಚ್ಚುಗಳಿಗೆ ಒಂದೇ ಪೊಟ್ಟಣಕ್ಕಿಂತ ಎರಡು ಮೂರು ಪಟ್ಟು ಹಾಳೆ ಬೇಕು, ತೇವ ನುಸುಳುವ ಜಾಗವೂ ಅಷ್ಟೇ ಹೆಚ್ಚುತ್ತದೆ. ಬಿಡಿಬಿಡಿಯಾಗಿ ಮುಚ್ಚುವುದಾದರೆ ಅಗ್ಗದ ಪಾಲಿಥೀನ್ ನಡೆಯುವುದಿಲ್ಲ, ಲೋಹ ಲೇಪಿಸಿದ ಹಾಳೆಯೇ ಬೇಕು. ಅಂಥ ಬೆಸೆದ ಹಾಳೆಗಳ ಕಸವನ್ನು ಮರುಬಳಕೆ ಮಾಡುವುದು ಕಷ್ಟ. ಒಂದೇ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಇಷ್ಟೇ ತಡೆ ಕೊಡುವ ಹಾಳೆಯನ್ನು ಹುಡುಕುವುದು ಈ ವಿನ್ಯಾಸದ ಭಾಗವಾಗಲೇಬೇಕು.

ಬಣ್ಣದ ಕಿಟಕಿ

ಬೆಲ್ಲದ ಪೆಟ್ಟಿಗೆಗೆ ಪಾರದರ್ಶಕ ಕಿಟಕಿ ಇಡುವ ರೂಢಿ ಇದೆ. ಗಿರಾಕಿ ನೋಡಿ ಕೊಳ್ಳಲಿ ಎಂಬುದು ಒಳ್ಳೆಯ ಮಾತೇ. ಆದರೆ ಕಿಟಕಿಯಿಂದ ಕಾಣುವುದು ಬಣ್ಣವೊಂದೇ. ಬಣ್ಣ ನೋಡಿ ಕೊಳ್ಳುವ ಗಿರಾಕಿಗಾಗಿಯೇ ಆಲೆಮನೆಗಳಿಗೆ ‘ಹೈಡ್ರೋಸ್’ ಬಂದದ್ದು. ಇದು ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆ ಉದ್ಯಮದಲ್ಲಿ ಬಳಸುವ ರಾಸಾಯನಿಕ. ಪಾಕಕ್ಕೆ ಹಾಕಿದರೆ ಬೆಲ್ಲ ಹೊಂಬಣ್ಣಕ್ಕೆ ತಿರುಗುತ್ತದೆ, ಜೊತೆಗೆ ಗಂಧಕದ ಡೈಆಕ್ಸೈಡ್ ಅಂಶವೂ ಉಳಿದುಕೊಳ್ಳುತ್ತದೆ. ಆಸ್ತಮಾ ಇರುವ ಕೆಲವರಿಗೆ ಅದು ಉಸಿರಿನ ತೊಂದರೆ ತರಬಲ್ಲದು. ಈ ಹೊಳಪು ನಿಲ್ಲುವಂಥದ್ದೂ ಅಲ್ಲ, ಗಾಳಿ ತಾಗುತ್ತ ಬೆಲ್ಲ ಮತ್ತೆ ಕಪ್ಪಾಗುತ್ತದೆ.

ನಿಜವಾದ ಬೆಲ್ಲದ ಬಣ್ಣ ಕಬ್ಬಿನ ತಳಿ, ಮಣ್ಣಿನ ಚೌಳು, ಹಾಲಿನ ಹುಳಿ, ಕುದಿಸಿದ ಹೊತ್ತು, ಕೊಪ್ಪರಿಗೆಯ ಕಬ್ಬಿಣ ಇವೆಲ್ಲವನ್ನೂ ಅವಲಂಬಿಸಿದೆ. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದ ಒಳ್ಳೆಯ ಬೆಲ್ಲವೂ ಕಂದಾಗಿಯೇ ಇರಬಹುದು. ಆದ್ದರಿಂದ ಕಿಟಕಿಯ ಬದಲು ಪೆಟ್ಟಿಗೆಯ ಮುಖದ ಮೇಲೆ ಕಂದು ಬಣ್ಣಗಳ ಪಟ್ಟಿಯೊಂದನ್ನು ಮುದ್ರಿಸಿ, ಬೆಲ್ಲ ಈ ಯಾವ ಬಣ್ಣದಲ್ಲಾದರೂ ಇರಬಹುದು ಎಂದು ಹೇಳಬೇಕು. ಯಾವ ತಳಿಯ ಕಬ್ಬು, ಯಾವ ಊರಿನ ಆಲೆಮನೆ, ಕಾಸಿದ ದಿನ, ತೇವಾಂಶ ಎಷ್ಟು, ಹೈಡ್ರೋಸ್ ಹಾಕಿದೆಯೇ ಇಲ್ಲವೇ ಎಂಬುದು ದೊಡ್ಡ ಅಕ್ಷರದಲ್ಲಿ ಇರಬೇಕು. ಪೆಟ್ಟಿಗೆ ಗಿರಾಕಿಯನ್ನು ಮರುಳು ಮಾಡುವುದಕ್ಕೂ ಬಲ್ಲದು, ತಿಳಿವಳಿಕೆ ಕೊಡುವುದಕ್ಕೂ ಬಲ್ಲದು. ಎರಡನೆಯದನ್ನು ಆರಿಸಿಕೊಂಡರೆ ಹೈಡ್ರೋಸ್ ಹಾಕದ ರೈತನಿಗೆ ನಷ್ಟವಾಗುವುದು ತಪ್ಪುತ್ತದೆ.

ತಕ್ಕಡಿಯೊಂದು ಸಾಕು

ರಟ್ಟಿಗೆ ಬೇಕಾದ ನಾರು ಕಬ್ಬಿನಲ್ಲೇ ಇದೆ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದಲ್ಲಿದ್ದ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುತ್ತಿತ್ತು. ಆ ಕಾರ್ಖಾನೆ ಮುಚ್ಚಿದೆ. ಆಲೆಮನೆಗಳು ಸಿಪ್ಪೆಯನ್ನು ಒಲೆಗೆ ಉರಿಸುವುದರಿಂದ ಮಿಗುವುದೂ ಕಡಿಮೆ. ಆದರೂ ಒಲೆಗಳನ್ನು ಸುಧಾರಿಸಿ ಸಿಪ್ಪೆ ಮಿಗಿಸಬಹುದು, ಪೆಟ್ಟಿಗೆಯ ರಟ್ಟಿನಲ್ಲಿ ಅದನ್ನು ಬೆರೆಸಬಹುದು.

ಪೊಟ್ಟಣ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯಕ್ಕೆ ಕಾಯಬೇಕಿಲ್ಲ. ಬೇರೆ ಬೇರೆ ಹಾಳೆಯಲ್ಲಿ ಕಟ್ಟಿದ ಬೆಲ್ಲವನ್ನು ಜೂನ್ ತಿಂಗಳಲ್ಲಿ ಒಂದೇ ಕಪಾಟಿನಲ್ಲಿಟ್ಟು, ಗ್ರಾಂ ತೋರಿಸುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಟ್ಟರಾಯಿತು. ಏರಿದ ತೂಕವೇ ನುಸುಳಿದ ನೀರು. ಪಾಂಡವಪುರ, ಕೆ.ಆರ್. ಪೇಟೆಯ ಮಹಿಳಾ ಸಂಘವೊಂದು, ನಾಗಮಂಗಲದ ಶಾಲೆಯೊಂದು ಒಂದು ಮಳೆಗಾಲದಲ್ಲಿ ಮಾಡಿ ಮುಗಿಸಬಹುದಾದ ಪ್ರಯೋಗವಿದು. ಆ ಅಂಕಿಗಳನ್ನು ಹಿಡಿದುಕೊಂಡು ಹೋದರೆ ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧಕರ ಬಳಿಯೂ, ಆಹಾರ ಪ್ಯಾಕಿಂಗ್ ಅಧ್ಯಯನ ನಡೆಸುವ ಮೈಸೂರಿನ ಸಿಎಫ್‌ಟಿಆರ್‌ಐ ತಜ್ಞರ ಬಳಿಯೂ ಖಚಿತವಾದ ಪ್ರಶ್ನೆ ಕೇಳಬಹುದು. ಮೊದಲು ಹಾಳೆ, ಆಮೇಲೆ ರಟ್ಟು, ಕೊನೆಗೆ ಚಿತ್ರ ಎಂಬ ಕ್ರಮದಲ್ಲಿ ಹೊರಟರೆ ನಮ್ಮ ಬೆಲ್ಲ ಆಲೆಮನೆಯಲ್ಲಿ ಇದ್ದ ಗುಣದಲ್ಲೇ ಊರು ದಾಟುತ್ತದೆ.